ಅಡುಗೆಮನೆಯ ಮತದಾನ

ಜೂನ್ ಮೂರನೇ ವಾರ. ಬಿತೋಲದ ಬೀದಿಯ ಡಾಂಬರು
ಚಪ್ಪಲಿಯನ್ನು ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ.
ಅಪ್ಪನಿಗೆ ಕಾರ್ಖಾನೆಯಲ್ಲಿ ಎಂಟು ದಿನದ ರಜೆ,
ಎಂಟೇ ದಿನ, ಅದರಲ್ಲೂ ಭಾನುವಾರ ಎರಡು.

ಅಜ್ಜಿ ವಾಸಿಲ್ಕಾ ಹುಳಿಚೆರ್ರಿಯ ಬೀಜ ತೆಗೆಯುತ್ತಿದ್ದಳು
ತಲೆಪಿನ್ನಿನಿಂದ, ಒಂದು ಹಣ್ಣೂ ಹರಿಯದಂತೆ.
ಅಪ್ಪ ಮೂರು ಕಾಫಿ ಬಟ್ಟಲು ಸಾಲಾಗಿಟ್ಟ.
ಹಿಡಿ ಮುರಿದದ್ದು ದೋಯ್ರಾನ್,
ಬಂಗಾರದಂಚಿನದು ಓಹ್ರಿದ್,
ನೀಲಿಯದು ಪ್ರೆಸ್ಪಾ.
"ತಲೆಗೊಂದು ಬೀಜ. ಯಾವ ಸರೋವರವೋ ಹಾಕಿ. ಜಗಳ ಬೇಡ."

ಜಗಳ ಅಲ್ಲಿಂದಲೇ ಶುರು.

ದೋಯ್ರಾನಿನ ನೀರು ಬೆಚ್ಚಗೆ, ನನ್ನ ಮೊಣಕಾಲಿಗೆ ಹಿತ,
ಮೂರು ಫರ್ಲಾಂಗು ನಡೆದರೂ ಸೊಂಟ ಮುಳುಗದು, ಅಂದಳು ಅಮ್ಮ.
ಅದು ಸರೋವರವೇ, ಪಾಚಿಯ ಸಾರು, ಅಂದ ಅಪ್ಪ.
ತಮ್ಮ ಮೆತೋದಿಗೆ ಹಕ್ಕಿ ಬಿಟ್ಟು ಮೀನು ಅಟ್ಟುವ
ಜೊಂಡಿನ ಗುಡಿಸಲು ನೋಡಬೇಕು;
ಠಣ್ಣೆಂದು ಅವನ ಬೀಜ ಅಮ್ಮನದರ ಮೇಲೆ ಬಿತ್ತು.
ಅಪ್ಪನದು ಓಹ್ರಿದ್. ಅಲ್ಲಿ ಯಾರದೋ ಭಾವಮೈದುನನ
ಮಾಳಿಗೆ ಕೋಣೆ ಅರ್ಧ ಬಾಡಿಗೆಗೆ.
ನನ್ನದೂ ಓಹ್ರಿದ್. ಕಾರಣ ಕೇಳಿದರೆ
ತಿಳಿನೀರು ಅಂದೆ. ನಿಜವೆಂದರೆ
ಹದಿನಾರರ ನನಗೊಂದು ಹೊಸ ಈಜುಡುಗೆ ಇತ್ತು,
ಅದನ್ನು ನೋಡಲು ಜನ ಬೇಕಿತ್ತು.

ಎರಡಕ್ಕೆ ಎರಡು. ಎಲ್ಲರ ಕಣ್ಣೂ ಅಜ್ಜಿಯ ಕೈ ಮೇಲೆ.

ಪ್ರೆಸ್ಪಾ ಅವಳ ತವರು. ಹೆಸರೆತ್ತುವುದಿಲ್ಲ ಈಗ.
ಅವಳಪ್ಪ ದೋಣಿ ಕಟ್ಟುತ್ತಿದ್ದ ಗೂಟದ ಸುತ್ತ
ಯಾರೋ ಹುರುಳಿಕಾಯಿ ಹಬ್ಬಿಸಿದ್ದಾರೆ,
ನೀರು ಅಷ್ಟು ಹಿಂದೆ ಸರಿದಿದೆ,
ಕರೆದರೂ ಕೇಳಿಸದಷ್ಟು.

ಅಜ್ಜಿ ಬೀಜವನ್ನು ಏಪ್ರನ್ ಜೇಬಿಗೆ ಹಾಕಿಕೊಂಡು
ಮೂರೂ ಬಟ್ಟಲು ತೊಳೆದಳು,
ಬರಿದಾಗಿದ್ದ ನೀಲಿಯದನ್ನೂ.

"ಸಮ ಬಂದರೆ ಕಾರು ಓಡಿಸುವವನದೇ ಮಾತು," ಅಂದ ಅಪ್ಪ.

ರೆಸೆನ್ ದಾಟುವಾಗ ಎಡಕ್ಕೆ ಸೇಬಿನ ತೋಟಗಳು,
ಅವುಗಳಾಚೆ ಒಂದು ಗೆರೆ ಬೆಳಕು.
ಅಜ್ಜಿ ಬಲಕ್ಕೆ ತಿರುಗಿ ಪೆಟ್ರೋಲಿನ ದರ ಓದಿದಳು, ಜೋರಾಗಿ.

ಓಹ್ರಿದಿನಲ್ಲಿ ಜನವೋ ಜನ. ನನ್ನ ಈಜುಡುಗೆ
ಯಾರ ಕಣ್ಣಿಗೂ ಬೀಳಲಿಲ್ಲ.
ಐದನೇ ದಿನ ಸಂತ ನೌಮನ ಮಠದ ಬಳಿಯ ಬುಗ್ಗೆಗೆ ಹೋದೆವು.
ತಳದ ಮರಳು ಗಂಜಿಯ ಹಾಗೆ ಕುದಿಯುತ್ತಿತ್ತು, ನೀರು ಮಾತ್ರ ಹಿಮ.
ಹುಟ್ಟು ಎತ್ತಿ ದೋಣಿಯವ ಅಂದ:
"ಇದು ಇಲ್ಲಿನದಲ್ಲ. ಆ ಬೆಟ್ಟದಾಚೆ ಪ್ರೆಸ್ಪಾದ ನೀರು,
ಸುಣ್ಣಕಲ್ಲಿನೊಳಗೆ ತೂರಿಕೊಂಡು ಇಲ್ಲೇಳುತ್ತದೆ."

ಅಪ್ಪ ನನ್ನನ್ನು ನೋಡಿದ. ನಾನು ನೀರನ್ನು.
ಅಜ್ಜಿ ಬೊಗಸೆಯೊಡ್ಡಿ ಕುಡಿದಳು,
ಎರಡನೇ ಬಾರಿ ಮೂಗಿನ ಹತ್ತಿರ ಹಿಡಿದಳು.
ಕಣ್ಣೀರು ಬರಬಹುದೆಂದು ಅಮ್ಮ ಕರವಸ್ತ್ರ ತೆಗೆದಿದ್ದಳು.
"ಬೆಟ್ಟ ಚೆನ್ನಾಗಿ ಒಗೆದುಬಿಟ್ಟಿದೆ," ಅಂದಳು ಅಜ್ಜಿ.
"ಜೊಂಡಿನ ವಾಸನೆಯಿಲ್ಲ, ಮೀನಿನದಿಲ್ಲ.
ಮದುವೆಯಾಗಿ ಹೋದ ಹುಡುಗಿಯ ಹಾಗಿದೆ."
ಕೈ ಒದರಿದಳು. ದೋಣಿಯವನಿಗೆ ದುಡ್ಡು ಜಾಸ್ತಿ ಆಯಿತೆಂದಳು.

ಮರುವರ್ಷ ಮತ್ತೆ ಚೆರ್ರಿ, ಮತ್ತೆ ಮೂರು ಬಟ್ಟಲು.
ಯಾರೂ ಬಾಯಿ ಬಿಡುವ ಮೊದಲೇ
ನನ್ನ ಬೀಜ ನೀಲಿಯೊಳಗೆ ಹಾಕಿದೆ.
ಹೆಮ್ಮೆಯಿಂದ ಅಜ್ಜಿಯತ್ತ ನೋಡಿದೆ.

ಅವಳು ಬಟ್ಟಲೊಳಗೆ ಇಣುಕಿದಳು,
ಸೊಸೆಯ ಊದಿದ ಮೊಣಕಾಲು ನೋಡಿದಳು,
ತನ್ನ ಬೀಜವನ್ನು ಹಿಡಿ ಮುರಿದದ್ದಕ್ಕೆ ಹಾಕಿ
ಹಣ್ಣಿನ ಕಡೆ ತಿರುಗಿದಳು.

"ಲೆನ್ಚೆಗೆ ಬೆಚ್ಚನೆ ನೀರು ಬೇಕು.
ನೀನು ಸಕ್ಕರೆ ತೂಗು."